ಕೆಂಪು ಉಂಡೆಗಳು

ಗುರುವಾರ ಮಧ್ಯಾಹ್ನ ಬಾಂಗು ಕೂಗುವ ಹೊತ್ತಿಗೆ ನಬ್ರಾಳ ಉಂಡೆಗಳೆಲ್ಲ ತಯಾರಾಗಿದ್ದವು. ಬೆಳಗ್ಗೆಯೇ ಚಹಾ ಬಿಸ್ಕತ್ತುಗಳನ್ನು ಬಟ್ಟೆಚೀಲಕ್ಕೆ ಸುರಿದು ಗುಂಡುಕಲ್ಲಿನಿಂದ ಜಜ್ಜಿ ಪುಡಿ ಮಾಡಿದ್ದಳು. ಹಾಲಿಗೆ ಸಕ್ಕರೆ ಹಾಕಿ ಗಟ್ಟಿಯಾಗುವ ತನಕ ಕುದಿಸಿ, ಒಂದು ಚಮಚ ತುಪ್ಪ ಬಿಟ್ಟು, ಪುಡಿಯನ್ನು ಅದರಲ್ಲಿ ಕಲಸಿ, ನಿಂಬೆಹಣ್ಣಿಗಿಂತ ಒಂದಿಷ್ಟು ಚಿಕ್ಕದಾಗಿ ಉಂಡೆ ಕಟ್ಟಿದ್ದಳು. ಆಮೇಲೆ ಮೂರು ತಟ್ಟೆಗಳಲ್ಲಿ ಕೊಬ್ಬರಿ ತುರಿ ಹರಡಿ, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು ಬಣ್ಣದ ನೀರು ಚಿಮುಕಿಸಿ, ಬೆರಳಲ್ಲಿ ಉಜ್ಜಿ ಬಣ್ಣ ಹಿಡಿಸಿ, ಉಂಡೆಗಳನ್ನು ಹೊರಳಾಡಿಸಿದ್ದಳು. ಒಂದೊಂದು ಬಣ್ಣಕ್ಕೆ ಇಪ್ಪತ್ತನಾಲ್ಕು. ದೊಡ್ಡ ವಿದ್ಯೆಯೇನಲ್ಲ, ಯಾರು ಬೇಕಾದರೂ ಮಾಡಬಹುದು. ಆದರೆ ಅಗಲವಾದ ತಗಡಿನ ಹರಿವಾಣದಲ್ಲಿ ಸಾಲುಸಾಲಾಗಿ ಜೋಡಿಸಿಟ್ಟಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ಅವತ್ತಿನ ಕೆಂಪಂತೂ ಎಂದೂ ಬಾರದಷ್ಟು ಚೆನ್ನಾಗಿ ಬಂದಿತ್ತು. ಬೇರೆ ಸಲ ಆ ಬಣ್ಣದ ಪುಡಿ ಎಷ್ಟು ಹಾಕಿದರೂ ಮಾಸಿದ ಗುಲಾಬಿಯಂತಿರುತ್ತಿತ್ತು. ಈಗ ಬಿಡಿಸಿಟ್ಟ ದಾಳಿಂಬೆಯಂತೆ ಹೊಳೆಯುತ್ತಿತ್ತು. ನಬ್ರಾ ಪ್ರತಿ ಗುರುವಾರ ಉಪವಾಸ ಹಿಡಿಯುವವಳು. ಹಾಗಾಗಿ ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಕೈ ತೊಳೆಯುವಾಗ ಹಳದಿ ಹೋಯಿತು, ಹಸಿರು ಹೋಯಿತು, ಕೆಂಪು ಮಾತ್ರ ಉಗುರಿನ ಬುಡದಲ್ಲಿ, ಬೆರಳ ಗೆರೆಗಳಲ್ಲಿ ಹಾಗೆಯೇ ಉಳಿಯಿತು. ಸೋಪು ಹಚ್ಚಿದಳು, ನಿಂಬೆಹೋಳಿನಿಂದ ತಿಕ್ಕಿದಳು. ಹೋಗಲಿಲ್ಲ. ಒಳ್ಳೆಯ ಮಾಲು ಕೊಟ್ಟಿದ್ದಾನೆ ಮಸಾಲೆ ಅಂಗಡಿಯ ಬುಶಾರಿ ಎಂದುಕೊಂಡು ಕೈ ಒರೆಸಿಕೊಂಡಳು.

ಅಂದು ಫೌಖಿಯಾಳ ಮಗಳು ಶಮ್ಸ್‌ಗೆ ಆರು ವರ್ಷ ತುಂಬುತ್ತಿತ್ತು. ಇಳಿಹೊತ್ತಿನ ಅಸರ್ ನಮಾಜಾದ ಮೇಲೆ, ನೈಲ್ ನದಿಯ ನಡುವಿನ ಆ ಪುಟ್ಟ ದ್ವೀಪದ ಮಕ್ಕಳನ್ನೆಲ್ಲ ಕರೆದಿದ್ದರು. ಆ ಹುಡುಗಿಯ ಹುಟ್ಟುಹಬ್ಬಕ್ಕೆ ಪ್ರತಿ ವರ್ಷವೂ ಉಂಡೆ ನಬ್ರಾಳದೇ. ಬೇರೆ ಮನೆಗಳಿಂದ ಹೀಗೆ ಕರೆ ಬರುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ನಬ್ರಾಳಿಗೆ ಮಕ್ಕಳಿಲ್ಲ. ಗಂಡ ಅಲೆಕ್ಸಾಂಡ್ರಿಯಾದಲ್ಲಿ ಯಾರದೋ ಮನೆಯ ಅಡುಗೆಯವನು, ವರ್ಷಕ್ಕೊಮ್ಮೆ ಅಸ್ವಾನಿನ ರೈಲು ಹತ್ತಿ ಬರುವವನು. ಹನ್ನೊಂದು ವರ್ಷದ ಹಿಂದೆ, ಹಬ್ಬದ ದಿನ, ಅವಳ ಕೈಯಿಂದ ಮಿಠಾಯಿ ತಿಂದ ಪಕ್ಕದ ಮನೆಯ ಗಂಡುಮಗುವೊಂದು ಮೂರನೆಯ ದಿನಕ್ಕೆ ವಾಂತಿಭೇದಿಯಾಗಿ ತೀರಿಕೊಂಡಿತು. ಆ ಬೇಸಿಗೆಯಲ್ಲಿ ದ್ವೀಪದಲ್ಲಿ ಇನ್ನೂ ಎರಡು ಮಕ್ಕಳು ಅದೇ ಬೇನೆಯಿಂದ ಹೋಗಿದ್ದವು. ಆದರೂ ಮಾತು ನಬ್ರಾಳ ಸುತ್ತಲೇ ಹೆಣೆದುಕೊಂಡಿತು. ಮಕ್ಕಳಿಲ್ಲದವಳ ಕಣ್ಣು ತಗುಲಿತು ಎಂದರು. ಅವಳು ಎದುರಾದರೆ ಹೆಂಗಸರು ಕೂಸಿನ ಮುಖಕ್ಕೆ ಸೆರಗು ಎಳೆಯತೊಡಗಿದರು. ನಾಲ್ಕು ವರ್ಷ ಹಾಗೆ ಕಳೆಯಿತು. ಐದನೆಯ ವರ್ಷ ತುಂಬು ಬಸುರಿ ಫೌಖಿಯಾ ಒಂದು ಮಧ್ಯಾಹ್ನ ನೇರ ಇವಳ ಅಂಗಳಕ್ಕೆ ಬಂದು ಚಾಪೆಯ ಮೇಲೆ ಕೂತು, "ನಬ್ರಕ್ಕಾ, ಬಾಯಿ ಸಿಹಿ ಕೇಳ್ತಿದೆ, ಏನಾದ್ರೂ ಮಾಡ್ಕೊಡೇ" ಎಂದಿದ್ದಳು. ಹೊಟ್ಟೆಯಲ್ಲಿದ್ದದ್ದು ಶಮ್ಸ್.

ಹರಿವಾಣಕ್ಕೆ ಬಿಳಿ ಬಟ್ಟೆ ಮುಚ್ಚಿ, ತಲೆಯ ಮೇಲಿಟ್ಟುಕೊಂಡು ನಬ್ರಾ ಫೌಖಿಯಾಳ ಮನೆಗೆ ಹೋದಾಗ ಅವಳ ಅತ್ತೆ ದಹೀಬಾ, ಊರಿಗೆಲ್ಲ ದಹೀಬಜ್ಜಿ, ಬಾಗಿಲಲ್ಲಿ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಕಣ್ಣು ತಗುಲದಿರಲಿ ಅಂತ ಮಾಶಾಲ್ಲಾಹ್ ಅಂದ್ಯೇನೇ? ಅಂದು ಒಳಗಿಡು" ಎಂದಳು ಮುದುಕಿ.

"ಮಾಡುವಾಗ್ಲೇ ಅಂದಿದೀನಿ ಅಜ್ಜಿ, ಎಪ್ಪತ್ತೆರಡು ಸಲ. ಒಂದೊಂದು ಉಂಡೆಗೆ ಒಂದೊಂದು."

ದಹೀಬಜ್ಜಿ ನಗಲಿಲ್ಲ. ಒಳಗಿನಿಂದ ಶಮ್ಸ್ ಓಡಿಬಂದು ಬಟ್ಟೆ ಎತ್ತಿ ನೋಡಿ, "ನಬ್ರತ್ತೆ, ಕೆಂಪು! ಕೆಂಪೆಲ್ಲ ನಂದು!" ಎಂದು ಕುಣಿದಳು. ಫೌಖಿಯಾ ಅವಳ ಕೈಗೊಂದು ಪೆಟ್ಟು ಕೊಟ್ಟು, "ಮೇಣದಬತ್ತಿ ಹಚ್ಚಿದ ಮೇಲೆ. ಅಯ್ಯೋ, ಮೇಣದಬತ್ತಿ! ಮರೆತೇ ಹೋಗಿದೆಯಲ್ಲೇ ಅಕ್ಕಾ!" ಎಂದು ತಲೆ ಚಚ್ಚಿಕೊಂಡಳು.

"ಅದಕ್ಯಾಕೆ ತಲೆ ಕೆಡಿಸ್ಕೋತೀಯ. ಈ ದೋಣೀಲಿ ಹೋಗಿ ಮುಂದಿನ ದೋಣೀಲಿ ಬಂದೆ ಅನ್ಕೋ" ಎಂದು ನಬ್ರಾ ಹೊರಟಳು.

ನದಿಯಾಚೆ ಅಸ್ವಾನಿನ ಪೇಟೆಯಲ್ಲಿ ಮೇಣದಬತ್ತಿ ಸಿಗುವುದು ಬುಶಾರಿಯ ಮಸಾಲೆ ಅಂಗಡಿಗೆ ಅಂಟಿಕೊಂಡಂತಿರುವ ಅಂಗಡಿಯಲ್ಲಿ. ಆರು ಬತ್ತಿಗಳನ್ನು ಆರಿಸಿ ಕಾಗದದಲ್ಲಿ ಸುತ್ತಿಸಿಕೊಳ್ಳುತ್ತಿದ್ದಾಗ ಪಕ್ಕದಿಂದ ಜಗಳದ ದನಿ ಕೇಳಿಸಿತು. ಪಶ್ಚಿಮ ದಂಡೆಯ ಸಾದಿಯಾ. ಖರ್ಜೂರದ ಗರಿಗೆ ಬಣ್ಣ ಕಟ್ಟಿ ತಟ್ಟೆಬುಟ್ಟಿ ಹೆಣೆಯುವವಳು, ಬಾಯಿ ತೆಗೆದರೆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸುವವಳು.

"ಮೂವತ್ತು ವರ್ಷದಿಂದ ನಿನ್ನ ಹತ್ರ ಬಣ್ಣ ತಗೊಳ್ತಿದೀನಿ ಬುಶಾರಿ, ನನಗೇ ಟೋಪಿ ಹಾಕ್ತೀಯಾ? ಬೆಳಗ್ಗಿಂದ ಕುದಿಸ್ತಿದೀನಿ, ಗರಿಗೆ ಬಣ್ಣ ಹತ್ತೋದೇ ಇಲ್ಲ. ನೀರಿಗೆ ಹಿಡಿದ್ರೆ ತೊಳೆದು ಹೋಗುತ್ತೆ, ಬೋಳಿಮಗಂದು! ಏನಪ್ಪಾ ಇದು ಅಂತ ನಾಲಿಗೆಗೆ ಮುಟ್ಟಿಸಿದ್ರೆ ಕಹಿ ಇಲ್ಲ, ಏನಿಲ್ಲ. ಶರಬತ್ತಿಗೆ ಹಾಕೋ ಬಣ್ಣ ಕಣಯ್ಯಾ ಇದು!"

ಬುಶಾರಿ ಕನ್ನಡಕ ಮೂಗಿನ ಮೇಲೆ ಸರಿಸಿ ಪೊಟ್ಟಣ ಬಿಚ್ಚಿ ಮೂಸಿದ. "ನಿನ್ನೆ ನೀನು ಬಂದಾಗ ಇನ್ಯಾರಿದ್ರು ಅಂಗಡೀಲಿ? ಕೆಂಪು ಪೊಟ್ಟಣ ಎರಡು ಕಟ್ಟಿದ್ದೆ. ಒಂದು ನಿಂದು, ಇನ್ನೊಂದು…"

ಅವನು ತಲೆಯೆತ್ತಿದ. ಪಕ್ಕದ ಅಂಗಡಿಯಿಂದ ಇತ್ತ ಬಂದು ಎದುರಿಗೆ ನಬ್ರಾ ನಿಂತಿದ್ದಳು.

ನಿನ್ನೆ ಅದೇ ಹೊತ್ತಿಗೆ ಉಂಡೆಯ ಬಣ್ಣ ಕೊಂಡವಳು ಅವಳೇ. ನಬ್ರಾ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. ಉಗುರಿನ ಬುಡದಲ್ಲಿ ಕೆಂಪು. ಸೋಪಿಗೂ ಹೋಗದ, ನಿಂಬೆಗೂ ಹೋಗದ ಕೆಂಪು.

"ಬುಶಾರಿ ಮಾಮ, ಅದನ್ನ ತಿಂದ್ರೆ ಏನಾಗುತ್ತೆ?"

ಅವನು ಹಿಂದಿನ ಕಪಾಟಿನ ಮೇಲ್ಗಡೆ ನೋಡಿದ. ಅಲ್ಲೊಂದು ಡಬ್ಬಿ. ಅದರ ಚೀಟಿಯ ಮೇಲೆ ತಲೆಬುರುಡೆಯ ಚಿತ್ರ. ನಬ್ರಾಳಿಗೆ ಓದು ಬರುತ್ತಿರಲಿಲ್ಲ. ಆ ಚಿತ್ರಕ್ಕೆ ಓದು ಬೇಕಿರಲಿಲ್ಲ.

"ತಿಂದಿದಾರಾ?" ಎಂದು ಅವನು ಪಿಸುಗುಟ್ಟಿದ.

"ಮಕ್ಕಳಿಗೆ ಮಾಡಿದ್ದು. ಅಸರ್ ಆದ್ಮೇಲೆ ಕೊಡ್ತಾರೆ."

"ಹಾಗಾದ್ರೆ ಹೊತ್ತಿದೆ. ಓಡು. ಕೇಳಿಲ್ಲಿ, ಗುಲ್ಲು ಮಾಡ್ಬೇಡ. ಇರುವೆ ಹತ್ತಿದೆ ಅಂತ ಹೇಳಿ ಹರಿವಾಣ ವಾಪಸ್ ತಗೋ. ನದಿಗೆ ಸುರಿ. ನಂಗೂ ಸಂಸಾರ ಇದೆ. ನಿಂಗಂತೂ… ನಿನ್ನ ಮೇಲೆ ಮೊದಲೇ ಒಂದು ಮಾತಿದೆಯಲ್ಲಮ್ಮಾ. ಇದೂ ಸೇರಿದ್ರೆ ನಿನ್ನ ಊರಲ್ಲಿ ಇರೋಕೆ ಬಿಡ್ತಾರಾ?"

ಸಾದಿಯಾ ಅವನನ್ನು ದುರುಗುಟ್ಟಿ ನೋಡಿದಳು. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಬ್ರಾ ಬೀದಿಯಲ್ಲಿದ್ದಳು.

ಆಗ ದ್ವೀಪದಲ್ಲಿ ಫೋನೆಂಬುದು ಇರಲಿಲ್ಲ. ಒಂದು ಸುದ್ದಿ ಆಚೆ ಮುಟ್ಟಬೇಕಾದರೆ ಅದು ದೋಣಿಯಲ್ಲೇ ಹೋಗಬೇಕು. ನಬ್ರಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡಿದಳು. ಐವತ್ತು ದಾಟಿದ ದೇಹ, ಬೆಳಗ್ಗಿನಿಂದ ನೀರೂ ಕುಡಿಯದ ಗಂಟಲು. ಗೋಣಿಚೀಲಗಳಿಗೆ ಎಡವಿದಳು, ಕತ್ತೆಗಾಡಿಯವನಿಂದ ಬೈಸಿಕೊಂಡಳು. ದಂಡೆಯ ಮೆಟ್ಟಿಲು ಇಳಿಯುವಾಗ ದೋಣಿ ಆಗಷ್ಟೇ ಬಿಟ್ಟು ಹತ್ತು ಮಾರು ದೂರ ಹೋಗಿತ್ತು. ಕೂಗಿದಳು. ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಇನ್ನೊಂದು ದೋಣಿ ಈ ದಡದಲ್ಲೇ ಕಟ್ಟಿಹಾಕಿತ್ತು. ಅದರ ಯಜಮಾನ ಮುದುಕ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಜನ ತುಂಬದೆ ಬಿಡುವವನಲ್ಲ.

"ಬಿಡು ತಾತಾ, ಕೈಮುಗೀತೀನಿ, ಈಗ್ಲೇ ಬಿಡು!"

"ಕೂತ್ಕೊಳಮ್ಮ, ಬಿಡ್ತೀನಿ. ನೈಲ್ ನದಿ ಎಲ್ಲಿಗೂ ಓಡಿಹೋಗಲ್ಲ."

ಮುಂದಿನ ಹೆಂಗಸರ ಹಲಗೆಯ ಮೇಲೆ ಮೂವರು ಆಗಲೇ ಕೂತಿದ್ದರು. ಅವರಲ್ಲೊಬ್ಬಳು ಸೊಪ್ಪಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು, "ಏನೇ ನಬ್ರಾ, ಗಂಡ ಬಂದ್ನಾ ಅಲೆಕ್ಸಾಂಡ್ರಿಯಾದಿಂದ? ಹೊಸ ಹೆಂಡ್ತಿ ಥರ ಓಡ್ತಿದೀಯಲ್ಲ!" ಎಂದಳು. ಉಳಿದವರು ಕಿಸಕ್ಕೆಂದರು. ನಬ್ರಾ ನಗಲು ನೋಡಿದಳು, ಆಗಲಿಲ್ಲ. ಅಷ್ಟರಲ್ಲಿ ಅಸರ್ ಬಾಂಗು ಕೇಳಿಸಿತು, ಮೊದಲು ಈ ದಡದಿಂದ, ಆಮೇಲೆ ನೀರಿನ ಆಚೆ ದ್ವೀಪದಿಂದ.

ದೋಣಿ ಬಿಟ್ಟಿತು. ಐದು ನಿಮಿಷದ ದಾರಿ. ಆ ಐದು ನಿಮಿಷದಲ್ಲಿ ನಬ್ರಾ ಎರಡು ಸಲ ಎದ್ದು ನಿಂತಳು, ಎರಡು ಸಲ ಕೂತಳು. ಕಣ್ಣು ಮುಚ್ಚಿದರೆ ಹನ್ನೊಂದು ವರ್ಷದ ಹಿಂದಿನ ಆ ಪುಟ್ಟ ಹೆಣ, ಬಿಳಿ ಬಟ್ಟೆ, ತನ್ನನ್ನು ನೋಡಿ ಬಾಗಿಲು ಹಾಕಿಕೊಂಡ ಅದರ ತಾಯಿ. ಕಣ್ಣು ತೆರೆದರೆ ಬುಶಾರಿಯ ಮಾತು. ಇರುವೆ ಅಂದರೆ ಸಾಕಲ್ಲ. ಇನ್ನೂ ಕೊಟ್ಟಿರುವುದಿಲ್ಲ. ಹರಿವಾಣ ಎತ್ತಿಕೊಂಡು ಬಂದುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ, ತನಗೂ ಸಹ. ದೇವರೇ, ಕೊಟ್ಟಿರಬಾರದು. ಮೇಣದಬತ್ತಿ ನನ್ನ ಹತ್ತಿರವೇ ಇದೆ, ಬತ್ತಿ ಇಲ್ಲದೆ ಹೇಗೆ ಕೊಡುತ್ತಾರೆ? ಕಾಗದದ ಪೊಟ್ಟಣವನ್ನು ಎದೆಗೆ ಅವುಚಿಕೊಂಡಳು. ಕೈಯ ಬಿಸಿಗೋ ಬಿಸಿಲಿಗೋ ಬತ್ತಿಗಳು ಮೆತ್ತಗಾಗಿ ಬಗ್ಗಿದ್ದವು.

ದ್ವೀಪದ ಓಣಿಗೆ ಕಾಲಿಟ್ಟಾಗಲೇ ದಮ್ಮಡಿಯ ಸದ್ದು, ಮಕ್ಕಳ ಕೇಕೆ. ಫೌಖಿಯಾಳ ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಗೋಡೆಬದಿಯ ಚಾಪೆಗಳ ಮೇಲೆ ತಾಯಂದಿರು. ಮಕ್ಕಳ ಗಲಾಟೆ ತಡೆಯಲಾರದೆ ದಹೀಬಜ್ಜಿ, ಬತ್ತಿ ಬಂದಾಗ ಬರಲಿ ಎಂದು ಹರಿವಾಣದ ಬಟ್ಟೆ ತೆಗೆದುಬಿಟ್ಟಿದ್ದಳು.

ಹಳದಿ ಸಾಲು ಪೂರ್ತಿಯಿತ್ತು. ಹಸಿರಿನಲ್ಲಿ ಒಂದೆರಡು ಹೋಗಿದ್ದವು. ಕೆಂಪಿನ ಸಾಲು ಅರ್ಧ ಖಾಲಿ.

ಬಾಗಿಲಲ್ಲೇ ನಿಂತುಬಿಟ್ಟಳು ನಬ್ರಾ. ಮುಂದೆ ಕೂತಿದ್ದ ಒಂದು ಮಗು ಅವಳನ್ನು ನೋಡಿ ನಕ್ಕಿತು. ತುಟಿ, ಹಲ್ಲು, ನಾಲಿಗೆ ಎಲ್ಲ ಕೆಂಪು.

"ಬಂದ್ಯಾ ಅಕ್ಕಾ? ಬತ್ತಿ ಎಲ್ಲಿ?" ಎಂದು ಫೌಖಿಯಾ ಎದ್ದು ಬಂದಳು. "ಅಯ್ಯೋ, ಇದ್ಯಾಕೆ ಹಿಂಗೆ ಬೆವೆತಿದೀಯ?"

ನಿಜ ಹೇಳಬೇಕೆಂದೇ ನಬ್ರಾ ಬಾಯಿ ತೆರೆದಳು. ಅಷ್ಟೂ ಹೆಂಗಸರ ಮುಖ ಅವಳತ್ತ ತಿರುಗಿತ್ತು. "ಇರುವೆ…" ಎಂದಳು. "ಕೆಂಪುಂಡೆಗೆ ಇರುವೆ ಹತ್ತಿದೆ. ವಾಪಸ್ ಕೊಡಿ ಎಲ್ಲ. ತಿನ್ಬೇಡಿ."

"ಇರುವೆ ಅಂತೆ!" ದಹೀಬಜ್ಜಿಗೆ ಕೋಪ ಬಂತು. "ನನ್ನ ಮನೇಲಿ, ನನ್ನ ಕಣ್ಣೆದುರಿಗೆ ಇಟ್ಟಿದ್ದು. ಎಲ್ಲಿದೆ ಇರುವೆ, ತೋರ್ಸು. ಎರಡು ಇರುವೆ ಹೊಟ್ಟೆಗೆ ಹೋದ್ರೆ ಯಾರ ಗಂಟು ಹೋಗುತ್ತೆ? ತಗೋ ಮಗಾ, ನಿನ್ನ ಹಬ್ಬ, ನೀನು ತಿನ್ನು." ಹೀಗೆಂದು ಹರಿವಾಣದಿಂದ ಒಂದು ಕೆಂಪುಂಡೆ ಎತ್ತಿ ಮೊಮ್ಮಗಳ ಕೈಗಿಟ್ಟಳು. ಶಮ್ಸ್ ಅದನ್ನು ಕಚ್ಚಿದಳು.

ನಬ್ರಾ ಹೇಗೆ ಅಷ್ಟು ದೂರ ದಾಟಿದಳೋ ಅವಳಿಗೇ ತಿಳಿಯದು. ಮಗುವಿನ ಕೈಗೆ ಫಟಾರೆಂದು ಹೊಡೆದಳು. ಅರ್ಧ ಕಚ್ಚಿದ ಉಂಡೆ ನೆಲಕ್ಕೆ ಬಿದ್ದು ಉರುಳಿತು. ಬಾಯೊಳಗೆ ಬೆರಳು ಹಾಕಿ ಉಳಿದದ್ದನ್ನು ಗೋರಿ ತೆಗೆದಳು. ಶಮ್ಸ್ ಕಿಟಾರನೆ ಕಿರುಚಿದಳು. ದಮ್ಮಡಿ ನಿಂತಿತು.

"ವಿಷ ಅದು!" ಎಂದು ಕೂಗಿದಳು ನಬ್ರಾ. "ಇರುವೆ ಇಲ್ಲ. ಸುಳ್ಳು ಹೇಳ್ದೆ. ಗರಿಗೆ ಹಾಕೋ ಬಣ್ಣ ಅದು, ಪೊಟ್ಟಣ ಅದಲು ಬದಲಾಗಿದೆ. ಉಗಿಸಿ, ಎಲ್ಲ ಮಕ್ಕಳಿಗೂ ಉಗಿಸಿ! ಆಸ್ಪತ್ರೆಗೆ ಹೋಗ್ಬೇಕು, ನಡೀರಿ!"

ಎಲ್ಲರೂ ಒಟ್ಟಿಗೇ ಅರಚಿದರು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎಳೆದು ಬಾಯಿ ಬಿಡಿಸಿ ನೋಡತೊಡಗಿದರು. "ನಾಲಿಗೆ ತೋರ್ಸು! ನಾಲಿಗೆ ತೋರ್ಸೋ!" ಬೆದರಿದ ಮಕ್ಕಳು ತುಟಿ ಬಿಗಿದುಕೊಂಡು ಅಳುತ್ತಿದ್ದವು. ಕೆನ್ನೆ ಹಿಡಿದು ಒತ್ತಿದರೆ ಹಸಿರು ನಾಲಿಗೆ, ಏನೂ ಬಣ್ಣವಿಲ್ಲದ ನಾಲಿಗೆ, ಆಮೇಲೆ ಕೆಂಪು. ಹಾಗೆ ಏಳು ಮಕ್ಕಳು ಸಿಕ್ಕವು. ಇನ್ನು ಮೂರ್ನಾಲ್ಕು ಮಕ್ಕಳು ಕೆಂಪುಂಡೆಯನ್ನು ತಿನ್ನದೆ ಕೈಯಲ್ಲೋ ಜೇಬಲ್ಲೋ ಇಟ್ಟುಕೊಂಡಿದ್ದವು.

"ನಾನು ಬಡ್ಕೊಂಡೆ ಫೌಖಿಯಾ, ಬಡ್ಕೊಂಡೆ!" ದಹೀಬಜ್ಜಿ ಎದೆ ಬಡಿದುಕೊಂಡಳು. "ಆ ಕೈಯನ್ನ ಮನೆಗೆ ಸೇರಿಸ್ಬೇಡ ಅಂದೆ. ಒಂದು ಕೂಸನ್ನ ತಿಂದು ಸಾಕಾಗಿಲ್ಲ ಇವಳಿಗೆ!"

ಫೌಖಿಯಾ ನಬ್ರಾಳ ಕಡೆ ತಿರುಗಿಯೂ ನೋಡಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ದಂಡೆಯತ್ತ ಓಡಿದಳು. ಉಳಿದವರು ಅವಳ ಹಿಂದೆ.

ದೋಣಿಯ ಮುದುಕ ಈ ಸಲ ಜನ ತುಂಬಲಿ ಎನ್ನಲಿಲ್ಲ. ಏಳು ಮಕ್ಕಳು, ಅವರ ತಾಯಂದಿರು. ಹಲಗೆಯ ಮೇಲೆ ಎಲ್ಲರೂ ಇಕ್ಕಟ್ಟಾಗಿ ಕೂತರೂ ನಬ್ರಾಳ ಎರಡೂ ಪಕ್ಕ ಬರಿದಾಗಿತ್ತು. ನಡುನೀರಿಗೆ ಬಂದಾಗ ಒಬ್ಬಳ ಮಗ ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡಿಕೊಂಡ. ಕೆಂಪು ಕೆಂಪಾಗಿ ನೀರಿಗೆ ಬಿತ್ತು. "ರಕ್ತ! ನನ್ನ ಮಗ ರಕ್ತ ಕಾರ್ತಿದಾನೆ!" ಎಂದು ತಾಯಿ ಚೀರಿದಳು. ಬಣ್ಣವೋ ರಕ್ತವೋ ಯಾರಿಗೂ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಶಮ್ಸ್ ಮಾತ್ರ ಅಳುವುದನ್ನು ನಿಲ್ಲಿಸಿ ತಾಯಿಯ ಭುಜಕ್ಕೆ ಒರಗಿದ್ದಳು. ನಬ್ರಾಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ಮೌನವನ್ನು ಕಂಡು. ಅಳು ಮಗಾ, ಅಳು, ಕಿರುಚು, ನನ್ನ ಬೈ ಎಂದು ಒಳಗೊಳಗೇ ಬೇಡಿಕೊಂಡಳು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನವನು, ಉತ್ತರದ ಕಡೆಯವನು. ಹದಿನೈದು ಜನ ಒಮ್ಮೆಲೇ ನುಗ್ಗಿದ್ದು ಕಂಡು ಕೈಯಲ್ಲಿದ್ದ ಪೆನ್ನು ಬೀಳಿಸಿದ. ಆದರೆ ಬೇಗ ಸಾವರಿಸಿಕೊಂಡ. ದಾದಿಯರನ್ನು ಕೂಗಿ ಕರೆದು ಮಕ್ಕಳನ್ನು ಸಾಲಾಗಿ ಮಲಗಿಸಿದ.

"ಯಾವ ಬಣ್ಣ? ಹೆಸರೇನು?"

"ಕೆಂಪು ಬಣ್ಣ ಸ್ವಾಮಿ, ಗರಿಗೆ ಹಾಕೋದು."

"ಕೆಂಪಲ್ಲಿ ನೂರೆಂಟು ಥರ ಇದೆಯಮ್ಮಾ! ಡಬ್ಬಿ ತಂದಿದೀರಾ? ಅದರ ಮೇಲೆ ಬರೆದಿರುತ್ತೆ. ಗೊತ್ತಾಗದೆ ನಾನು ಏನಂತ ಮದ್ದು ಕೊಡ್ಲಿ?"

ಅಂಗಡಿಯಲ್ಲಿ ಡಬ್ಬಿ ನಬ್ರಾಳ ಕಣ್ಣೆದುರಿಗೇ ಇತ್ತು, ತರಬೇಕೆಂದು ಹೊಳೆಯಲೇ ಇಲ್ಲ. ಬುಶಾರಿ ಈ ಹೊತ್ತಿಗೆ ಬಾಗಿಲು ಹಾಕಿಕೊಂಡು ಹೋಗಿರುತ್ತಾನೆ. ಹೋಗಿ ತರುತ್ತೇನೆಂದು ಅವಳು ತಿರುಗುವಷ್ಟರಲ್ಲಿ ಹೊರಗಿನಿಂದ ಪರಿಚಿತ ದನಿ ಬಂತು. "ಬಿಡಯ್ಯಾ ದಾರಿ! ಪಾಸು ಬೇಕಂತೆ, ಪಾಸು! ಮಕ್ಕಳು ಸಾಯ್ತಿರುವಾಗ ನಿನ್ನ ಪಾಸು ತಗೊಂಡು ಉಪ್ಪಿನಕಾಯಿ ಹಾಕ್ಲಾ?"

ಕಾವಲುಗಾರನನ್ನು ತಳ್ಳಿಕೊಂಡು ಸಾದಿಯಾ ಒಳಗೆ ಬಂದಳು. ತಲೆಯ ಬಟ್ಟೆ ಜಾರಿತ್ತು, ಕಂಕುಳಲ್ಲಿ ಡಬ್ಬಿ.

"ಬಾಗಿಲು ಹಾಕ್ತಿದ್ದ ಕಳ್ಳ. ಕಪಾಟು ಹತ್ತಿ ಕಿತ್ಕೊಂಡು ಬಂದೆ. ದ್ವೀಪಕ್ಕೆ ಬರೋಣ ಅಂದ್ಕೊಂಡೆ. ಆಮೇಲೆ, ಹೇಗಿದ್ರೂ ಮಕ್ಕಳನ್ನ ಇಲ್ಲಿಗೇ ತರ್ತೀಯ ಅಂತ ಇಲ್ಲೇ ಗೇಟಲ್ಲಿ ಕಾಯ್ತಿದ್ದೆ. ಈ ಪುಣ್ಯಾತ್ಮ ಒಳಗೆ ಬಿಟ್ರೆ ತಾನೇ!"

ಡಾಕ್ಟರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಅವನ ಹುಬ್ಬು ಗಂಟಿಕ್ಕಿತು. ಅಷ್ಟೂ ತಾಯಂದಿರು ಅವನ ಮುಖವನ್ನೇ ನೋಡುತ್ತಿದ್ದರು.

"ಯಾರ್ಯಾರು ಎಷ್ಟು ತಿಂದಿದಾರೆ? ಯಾವಾಗ? ಸರಿಯಾಗಿ ಹೇಳಿ."

ಆರು ಮಕ್ಕಳು ಒಂದೊಂದು. ಶಮ್ಸ್ ಎರಡು, ಎಂದಳು ಫೌಖಿಯಾ.

"ಎರಡೂವರೆ" ಎಂದಳು ನಬ್ರಾ. "ಮೂರನೇದು ನಾನು ಬಂದ ಮೇಲೆ ತಿಂದಿದ್ದು. ನಾನು ಮೊದಲೇ ನಿಜ ಹೇಳಿದ್ರೆ ಅಜ್ಜಿ ಕೊಡ್ತಿರಲಿಲ್ಲ. ಇರುವೆ ಅಂದುಬಿಟ್ಟೆ. ಊರವರಿಗೆ ಹೆದರಿ ಹಾಗಂದೆ."

ಫೌಖಿಯಾ ಆಗ ಮೊದಲ ಸಲ ಅವಳತ್ತ ತಿರುಗಿದಳು. ಆ ನೋಟವನ್ನು ತಡೆಯುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವಿತ್ತು.

ಒಳಗೆ ಹೊಟ್ಟೆ ತೊಳೆಯುವ ಕೆಲಸ ನಡೆಯಿತು. ಒಂದೊಂದೇ ಮಗುವಿನ ಉಬ್ಬಳಿಕೆ, ಕಿರುಚಾಟ, ಆಮೇಲೆ ಸದ್ದಿಲ್ಲ. ನಬ್ರಾ ನಡುವಣ ಹಾದಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಸೂರ್ಯ ಮುಳುಗಿ ಮಗ್ರಿಬ್ ಬಾಂಗಾಯಿತು. ಉಪವಾಸ ಬಿಡುವ ಹೊತ್ತು. ಸಾದಿಯಾ ಎಲ್ಲಿಂದಲೋ ಒಂದು ಲೋಟ ನೀರು ತಂದು ಅವಳ ತುಟಿಗೆ ಹಿಡಿದಳು.

"ಕುಡಿ. ನೀನು ಬಿದ್ರೆ ಆ ಡಾಕ್ಟರಿಗೆ ಎಂಟನೇದು ನೀನಾಗ್ತೀಯ."

"ಆ ಮಗು ಹೋದ್ರೆ ನಾನು ನದಿಗೆ ಹಾರ್ತೀನಿ ಸಾದಿಯಾ."

"ಹಾರು. ಯಾರು ಬೇಡ ಅಂದ್ರು? ಆದ್ರೆ ಈಗ ನೀರು ಕುಡಿ."

ಕತ್ತಲಾದ ಮೇಲೆ ಆರು ಮಕ್ಕಳೂ ಎದ್ದು ಕೂತು ಹಸಿವು ಹಸಿವು ಎನ್ನತೊಡಗಿದವು. ತಾಯಂದಿರು ಅವರನ್ನು ಎತ್ತಿಕೊಂಡು ಹೊರಟರು. ನಬ್ರಾಳನ್ನು ದಾಟಿ ಹೋಗುವಾಗ ಒಬ್ಬಿಬ್ಬರು ಮುಖ ತಿರುಗಿಸಿದರು. ಶಮ್ಸ್‌ಳನ್ನು ಕಳಿಸಲಿಲ್ಲ. ಅವಳಿಗೆ ಜ್ವರ ಏರಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. "ಬೆಳಗಿನ ತನಕ ನೋಡ್ಬೇಕು" ಎಂದ ಡಾಕ್ಟರು.

ರಾತ್ರಿಯಿಡೀ ನಬ್ರಾ ಕೂತ ಜಾಗದಿಂದ ಏಳಲಿಲ್ಲವೆಂದು ಬೆಳಗ್ಗೆ ನೆಲ ಒರೆಸಲು ಬಂದವಳು ಸಾದಿಯಾಳಿಗೆ ಹೇಳಿದಳು.

ಶುಕ್ರವಾರ ಬಿಸಿಲು ಕಿಟಕಿಯಿಂದ ನೆಲಕ್ಕಿಳಿದಾಗ ಒಳಬಾಗಿಲು ತೆರೆಯಿತು. ಫೌಖಿಯಾ ಬಂದು ನಿಂತಳು. ಕಣ್ಣು ಬಾತುಕೊಂಡಿತ್ತು, ಕುಪ್ಪಸದ ತುಂಬ ಕೆಂಪು ಕಲೆ. ಆ ಕಲೆಗಳ ಮೇಲಿಂದ ನಬ್ರಾ ಕಣ್ಣು ತೆಗೆಯಲಿಲ್ಲ.

"ಜ್ವರ ಇಳೀತು" ಎಂದಳು ಫೌಖಿಯಾ. "ಡಾಕ್ಟರು ನೋಡಿದ್ರು. ಎರಡು ದಿನ ಇಟ್ಕೊಂಡು ಕಳಿಸ್ತಾರಂತೆ."

ನಬ್ರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದಿಡೀ ದಿನ ಬಾರದ ಅಳು ಈಗ ಬಂತು. ಫೌಖಿಯಾ ಅದು ಮುಗಿಯಲೆಂದು ಕಾದಳು.

"ಸಿಟ್ಟಿಲ್ಲ ಅಂದ್ಕೋಬೇಡ ಅಕ್ಕಾ. ಇದೆ. ಪೊಟ್ಟಣ ಬದಲಾಗಿದ್ದಕ್ಕಲ್ಲ. ಅದು ಆ ಬುಶಾರಿಯ ಕರ್ಮ. ಇರುವೆ ಅಂದ್ಯಲ್ಲ, ಅದಕ್ಕೆ. ಹೆದರ್ಕೊಂಡ್ರೆ ನನ್ನ ಕಿವೀಲಿ ಹೇಳ್ಬಾರದಿತ್ತಾ? ನಾನು ನಿನ್ನ ಮನೆಗೆ ಬಂದು ಉಂಡವಳಲ್ವಾ?"

"ಹೇಳ್ಬೇಕಿತ್ತು."

"ಹೂಂ. ಹೇಳ್ಬೇಕಿತ್ತು." ಫೌಖಿಯಾ ತಲೆಯ ಬಟ್ಟೆಯಿಂದ ಮುಖ ಒರೆಸಿಕೊಂಡಳು. "ಈಗ ಒಳಗೆ ಹೋಗಿ ಅವಳ ಹತ್ರ ಕೂತ್ಕೋ. ನಾನು ಮುಖ ತೊಳ್ಕೊಂಡು ಬರ್ತೀನಿ."

"ನಾನಾ?"

"ಇನ್ಯಾರಿದಾರೆ ಇಲ್ಲಿ? ಎದ್ದಾಗಿಂದ ನಬ್ರತ್ತೆ ನಬ್ರತ್ತೆ ಅಂತಿದಾಳೆ. ಹೋಗು."

ನಬ್ರಾ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಕಬ್ಬಿಣದ ಮಂಚದಲ್ಲಿ ಶಮ್ಸ್ ಚಿಕ್ಕದಾಗಿ ಕಾಣುತ್ತಿದ್ದಳು. ತುಟಿಗಳು ಒಡೆದಿದ್ದವು, ಕಣ್ಣು ಮಾತ್ರ ಎಂದಿನ ಹಾಗೆ ಚುರುಕು. ನಬ್ರಾ ಮಂಚದಿಂದ ಒಂದು ಮೊಳ ದೂರದ ಸ್ಟೂಲಿನ ಮೇಲೆ ಕೂತಳು. ಮುಟ್ಟಲು ಹೆದರಿಕೆ. ಕೈಗಳನ್ನು ತೊಡೆಯ ಅಡಿಯಲ್ಲಿ ಅಡಗಿಸಿಟ್ಟುಕೊಂಡಳು.

"ನೀನು ನಂಗೆ ಹೊಡೆದೆ" ಎಂದಳು ಶಮ್ಸ್.

"ಹೌದಮ್ಮಾ. ಹೊಡೆದೆ."

"ಎಲ್ಲರ ಮುಂದೆ ಹೊಡೆದೆ."

"ಹೌದು ಬಂಗಾರ."

"ಈ ಹೊದಿಕೆ ಚುಚ್ಚುತ್ತೆ. ತೆಗಿ" ಎಂದಿತು ಮಗು.

ನಬ್ರಾ ಎದ್ದು, ಉಣ್ಣೆಯ ಹೊದಿಕೆ ಸರಿಸಿ, ತನ್ನ ತಲೆಯ ಮೇಲಿನ ಹತ್ತಿಯ ಬಟ್ಟೆ ತೆಗೆದು ಮಡಚಿ ಅವಳ ಕಾಲ ಮೇಲೆ ಹಾಕಿದಳು. ಅಷ್ಟರಲ್ಲಿ ಫೌಖಿಯಾ ಒದ್ದೆ ಮುಖದಲ್ಲೇ ಬಂದಳು. ಎರಡು ಲೋಟ ಚಹಾ ತಂದಿದ್ದಳು. ಒಂದನ್ನು ನಬ್ರಾಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಮಂಚದ ಆ ಬದಿಯಲ್ಲಿ ಕೂತಳು.